ನಡುವೆ ಕೂತ ಫಿಲ್ಟರ್

ಆಗಸ್ಟ್ 3, ಸೋಮವಾರ

ಗಂಡ ಸತ್ತವಳು ಹೆಚ್ಚು ಮಾತಾಡಬಾರದಂತೆ. ಶೋಕ ಮುಗಿಸುವ ಕೊನೆಯ ಊಟದವರೆಗೆ ಕಪ್ಪು ಬಟ್ಟೆ, ತಗ್ಗಿದ ದನಿ, ತಗ್ಗಿದ ತಲೆ. ಬಟ್ಟೆ ಉಟ್ಟಿದ್ದೇನೆ. ತಲೆ ತಗ್ಗಿಸಿದರೆ ಗಾಡಿ ಓಡಿಸಲು ಆಗುವುದಿಲ್ಲ, ಹಾಗಾಗಿ ಅದನ್ನು ಬಿಟ್ಟೆ. ಮಾತಿನ ಬದಲಿಗೆ ಈ ನೋಟುಬುಕ್ಕು. ಮಗಳು ರೋಸಿ ತಾನು ಪಾಠ ಹೇಳುವ ಶಾಲೆಯಿಂದ ತಂದಿದ್ದು. ಇದರ ಬಾಯಿ ಮುಚ್ಚಿಸಲು ಯಾರಿಂದಲೂ ಆಗದು.

ಇವತ್ತು ಗಂಡನ ಅಕ್ಕ ಉರ್ಸುಲಾ ಬಂದಿದ್ದಳು. ಮಗ ಕ್ಲೆಟಸ್ ಜೊತೆಗಿದ್ದ. ಅವರ ಕುಲದ ಹಿರಿಯ ಪೌಲಿನಜ್ಜನನ್ನೂ ಹೊರಡಿಸಿಕೊಂಡು ಬಂದಿದ್ದಳು. ನನ್ನ ಮುಖ ನೋಡುವ ಮೊದಲು ಅಂಗಳದಲ್ಲಿ ನಿಂತಿದ್ದ ಪಿಕಪ್ ಗಾಡಿಯನ್ನು ನೋಡಿದಳು, ಆಗಲೇ ನನಗೆ ಗೊತ್ತಾಯಿತು.

"ಪರ್ಪೆತುವಾ, ನೆಲ ನಿಂದು. ನಿಮ್ಮಮ್ಮನಿಂದ ನಿಂಗೆ ಬಂದಿದ್ದು, ಅದನ್ನ ಯಾರೂ ಕೇಳ್ತಿಲ್ಲ. ಆದ್ರೆ ಗಾಡಿ ನನ್ನ ತಮ್ಮಂದು. ಗಂಡಸಿನ ಸಾಮಾನು ಅವನ ಅಕ್ಕನ ಮಕ್ಕಳಿಗೆ ಸೇರಬೇಕು. ಇದೇನು ನಾನು ಕಟ್ಟಿದ ಕತೆ ಅಲ್ಲ."

"ಆ ಗಾಡಿ ಯಾವ ಕೊಬ್ಬರಿಯಿಂದ ಬಂತು ಅಕ್ಕ? ನನ್ನ ನೆಲದ ತೆಂಗು, ಸುಲಿದಿದ್ದು ಈ ಕೈ. ನಿಮ್ಮ ತಮ್ಮ ಎರಡು ವರ್ಷ ಮಲಗಿದ್ದಾಗ ಓಡಿಸಿದ್ದೂ ಇದೇ ಕೈ."

ಕ್ಲೆಟಸ್ ನಕ್ಕ. "ಓಡೋದಾದ್ರೆ ತಾನೇ ಅತ್ತೆ? ಘಟ್ಟದ ಮೇಲೆ ವಾರಕ್ಕೊಂದು ಸಲ ಮಲಗುತ್ತಂತಲ್ಲ ಅದು."

ಪೌಲಿನಜ್ಜ ಅಡಿಕೆ ಅಗಿದು ಮುಗಿಸಿದ. ಆಮೇಲೆ ತೀರ್ಪು ಕೊಟ್ಟ. ನನ್ನ ಗಂಡ ಬೊನಿಫಸ್ ಹೋಗಿ ಆರು ತಿಂಗಳಾಗುತ್ತ ಬಂತು, ಅವನ ಕೊನೆಯ ಊಟ ಈ ತಿಂಗಳ ಇಪ್ಪತ್ತೊಂಬತ್ತಕ್ಕೆ. ನನ್ನ ಅಣ್ಣ ಕೊಡುವ ನಾಲ್ಕು ಹಂದಿಗಳು ಘಟ್ಟದಾಚೆಯ ಕೊಯಾನುವಿನಿಂದ ಇದೇ ಗಾಡಿಯಲ್ಲಿ ಬರಬೇಕು. ಸೂರ್ಯ ತೆಂಗಿನ ತಲೆ ದಾಟುವ ಮೊದಲು ಬರಬೇಕು, ಇಲ್ಲದಿದ್ದರೆ ಮಾಂಸ ಹೊತ್ತಿಗೆ ಸರಿಯಾಗಿ ಬೇಯುವುದಿಲ್ಲ. ಯಾರೂ ಎಳೆಯದೆ, ತನ್ನ ಎಂಜಿನ್ನಿನಲ್ಲೇ ಬಂದರೆ ಗಾಡಿ ನನ್ನದು. ತಡವಾದರೆ ಅಥವಾ ಹಗ್ಗ ಕಟ್ಟಿಸಿಕೊಂಡು ಬಂದರೆ ಕ್ಲೆಟಸ್‌ನದು.

"ಗಾಡಿ ಯಾರ ಮಾತು ಕೇಳುತ್ತೋ ಅವರದ್ದು," ಅಂದ.

ಆಗಲಿ ಅಂದುಬಿಟ್ಟೆ. ಅವರು ಗೇಟು ದಾಟಿದ ಮೇಲೆ ಘಟ್ಟ ನೆನಪಾಯಿತು. ಆದರೂ ಆಗಲಿ.

ಆಗಸ್ಟ್ 6, ಗುರುವಾರ

ಮತ್ತೆ ನಿಂತಿತು ಮುಂಡೇದು. ನಿನ್ನೆ ಮಧ್ಯಾಹ್ನ ಘಟ್ಟ ಹತ್ತಿ ಕೊಯಾನುವಿಗೆ ಹೋದಾಗ ಒಂದು ಸಲವೂ ಕೆಮ್ಮಲಿಲ್ಲ. ಎಂದಿನಂತೆ ಅಣ್ಣನ ಕೋಕೋ ಒಣಗಿಸುವ ಮನೆಯ ಪಕ್ಕ, ಬೆಂಕಿಗೂಡಿನ ಹತ್ತಿರ ನಿಲ್ಲಿಸಿದ್ದೆ. ಬೆಳಗಿನ ಜಾವ ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ಮಾರುಕಟ್ಟೆಗೆ ಸೊಪ್ಪು ಒಯ್ಯುವ ಹೆಂಗಸರು ಎಂಟು ಜನ, ಮೂಟೆಗಳು ಇಪ್ಪತ್ತು. ಘಟ್ಟದ ನೆತ್ತಿಗೆ ಇನ್ನೆರಡು ತಿರುವು ಇರುವಾಗ ಎಳೆದಾಡಿತು, ಬಿಕ್ಕಿತು, ಸತ್ತಿತು.

ಹತ್ತು ಗಂಟೆಯವರೆಗೆ ಮಂಜಿನಲ್ಲಿ ಕೂತಿದ್ದೆವು. ಬಿಸಿಲು ಏರಿದ ಮೇಲೆ ಏನೂ ಆಗದವರ ಹಾಗೆ ಎದ್ದಿತು. ಆಗ ಮಾರುಕಟ್ಟೆಗೆ ಹೋಗಿ ಯಾರಿಗೆ ಮಾರುವುದು? ಹೆಂಗಸರು ಬಾಡಿದ ಎಲೆಗಳನ್ನು ಕಿತ್ತು ಎಸೆಯುತ್ತ ಕೂತರು. ಬೈದಿದ್ದರೆ ಚೆನ್ನಾಗಿತ್ತು.

ಇದು ಫಿಲ್ಟರಿನ ಕಾಟ. ಎಣ್ಣೆಯಲ್ಲಿ ಕಸ ಇದೆ, ಫಿಲ್ಟರ್ ಕಟ್ಟಿಕೊಂಡಿದೆ. ಹಡಗು ಬಂದು ಎರಡು ತಿಂಗಳಾಯಿತು, ಊರಿನಲ್ಲಿ ಡೀಸೆಲ್ ಇಲ್ಲ. ಎಲ್ಲರೂ ಮತ್ತೆ ತೆಂಗಿನೆಣ್ಣೆಗೆ ಬಂದಿದ್ದೇವೆ. ಕ್ಲೆಟಸ್‌ನ ಹತ್ತಿರ ಎರಡು ಪೀಪಾಯಿ ಡೀಸೆಲ್ ಇದೆಯಂತೆ. ಕೇಳುವುದಿಲ್ಲ. ಯುದ್ಧದ ಕಾಲದಲ್ಲಿ ಸರ್ಕಾರ ಸುತ್ತ ಸಮುದ್ರಕ್ಕೆ ಬೀಗ ಹಾಕಿ ನಮ್ಮನ್ನು ಸಾಯಲು ಬಿಟ್ಟಿದ್ದಾಗ ಬೊನಿಫಸ್ ಇಡೀ ಏಳು ವರ್ಷ ತೆಂಗಿನೆಣ್ಣೆಯಲ್ಲೇ ಗಾಡಿ ಓಡಿಸಿದ. ರೋಗಿಗಳನ್ನು ಹೊತ್ತ, ಹೆಣಗಳನ್ನು ಹೊತ್ತ. ಆಗ ನಡೆದದ್ದು ಈಗ ಯಾಕೆ ನಡೆಯುವುದಿಲ್ಲ?

ಆಗಸ್ಟ್ 8, ಶನಿವಾರ

ಫಿಲ್ಟರ್ ಬದಲಾಯಿಸಿದೆ. ನಾನೇ.

ಬೊನಿಫಸ್ ಇದನ್ನು ಒಂದು ಹಾಡು ಮುಗಿಯುವುದರಲ್ಲಿ ಮಾಡುತ್ತಿದ್ದ. ನಾನು ಇಡೀ ಬೆಳಗ್ಗೆ ಮಾಡಿದೆ. ಹಳೆಯ ಡಬ್ಬಿ ಕೈಗೆ ತಿರುಗಲಿಲ್ಲ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಅದಕ್ಕೊಂದು ಕೋಲು ತೂರಿಸಿ ತಿರುಗಿಸಿದೆ. ಎಣ್ಣೆ ಮೊಣಕೈವರೆಗೆ ಇಳಿಯಿತು. ಕಸ ಇರುತ್ತದೆ ಅಂದುಕೊಂಡಿದ್ದರೆ ಒಳಗಿನಿಂದ ಸುರಿದದ್ದು ತಿಳಿಯಾದ ಎಣ್ಣೆ, ಪಲ್ಯಕ್ಕೆ ಹಾಕಬಹುದಿತ್ತು. ಹೊಸದನ್ನು ಕೂರಿಸಿದೆ, ಬಿಗಿ ಮಾಡಿದೆ, ಸ್ಟಾರ್ಟ್ ಮಾಡಿದೆ. ಎಂಜಿನ್ ಎದ್ದಿತು, ನಾಲ್ಕು ಉಸಿರು ಎಳೆದು ನಿಂತಿತು. ಮತ್ತೆ ಮಾಡಿದೆ. ಮತ್ತೆ ನಿಂತಿತು.

ಅಷ್ಟು ಹೊತ್ತೂ ಆ ದ್ವೀಪದವನು ಹಲಸಿನ ಮರದ ಹಿಂದೆ ನಿಂತಿದ್ದ. ರೋಸಿಯ ಗಂಡ. ಮದುವೆಯಾಗಿ ಮೂರು ವರ್ಷ, ನನ್ನ ಅಂಗಳದಲ್ಲೇ ಇದ್ದಾನೆ, ನನಗೆ ಅವನು ತಂಬು, ಅವನಿಗೆ ನಾನು ತಂಬು, ನಮ್ಮ ಕಡೆ ಅತ್ತೆ ಅಳಿಯನ ನಡುವಿನ ನಿಷೇಧ ಅದು. ಹೆಸರು ಎತ್ತಬಾರದು, ಮುಖ ನೋಡಬಾರದು, ಕೈಯಿಂದ ಕೈಗೆ ಏನೂ ಕೊಡಬಾರದು, ಒಂದೇ ಬೆಂಚಿನ ಮೇಲೆ ಕೂರಬಾರದು. ನನಗಂತೂ ಅದು ಕಷ್ಟವೇ ಆಗಿಲ್ಲ. ನೋಡುವಂಥದ್ದು ಏನಿದೆ ಆ ಮುಖದಲ್ಲಿ? ಅವನಿಗೆ ಗೊತ್ತಿರುವುದು ದೋಣಿ, ಮೀನು, ದೋಣಿಯ ಮೋಟಾರು. ಅವನ ದ್ವೀಪ ಅಂಗೈಯಷ್ಟಿತ್ತಂತೆ, ಅದನ್ನೂ ಸಮುದ್ರ ತಿನ್ನುತ್ತಿದೆಯಂತೆ, ತೋಟಕ್ಕೆಲ್ಲ ಉಪ್ಪು ಹತ್ತಿದೆಯಂತೆ. ಹೋದ ವರ್ಷ ರೋಸಿ ಅವನಿಗೆ ಒಂದು ತುಂಡು ತೋಟ ಕೇಳಿದಳು. ಸಮುದ್ರದವನಿಗೆ ಮಣ್ಣು ಯಾಕೆ ಅಂದೆ. ಅದರ ಮೇಲೆ ಅವಳು ಕೇಳಲಿಲ್ಲ.

ಮರದ ಹಿಂದಿನಿಂದ ಅವನು ನಮ್ಮ ನಾಯಿಗೆ ಹೇಳಿದ. ನಾಯಿಯ ಹೆಸರು ಕೊಬ್ಬರಿ.

"ಕೊಬ್ಬರಿ, ಹಳೇ ಫಿಲ್ಟರಿನ ವಾಷರ್ ಮೇಲೇ ಅಂಟ್ಕೊಂಡಿದ್ರೆ ಏನಾಗುತ್ತೆ ಗೊತ್ತಾ? ಹೊಸದರ ವಾಷರ್ ಅದರ ಮೇಲೆ ಕೂರುತ್ತೆ. ಎರಡರ ಸಂದೀಲಿ ಗಾಳಿ ಎಳ್ಕೊಳುತ್ತೆ. ಆಮೇಲೆ ಒಳಗೆ ಸೇರಿದ ಆ ಏರ್ ತೆಗೀದೆ ಎಂಜಿನ್ ಓಡೋದೂ ಇಲ್ಲ."

ನಾನೂ ನಾಯಿಗೇ ಹೇಳಿದೆ. "ಕೊಬ್ಬರಿ, ಇದು ದೋಣಿ ಅಲ್ಲ ಅಂತ ಹೇಳು."

ಆಗಸ್ಟ್ 9, ಭಾನುವಾರ

ಚರ್ಚಿನ ಪೂಜೆಯಿಂದ ಬಂದ ಮೇಲೆ ಫಿಲ್ಟರ್ ಮತ್ತೆ ಬಿಚ್ಚಿ ನೋಡಿದೆ. ಎರಡು ವಾಷರ್ ಇದ್ದವು. ಯಾರೋ ಹೇಳಿದ್ದಕ್ಕಲ್ಲ, ಪಾದ್ರಿಯ ಪ್ರಸಂಗದ ನಡುವೆ ನನಗೇ ಹೊಳೆಯಿತು. ಹಳೆಯದನ್ನು ಕೆರೆದು ತೆಗೆದೆ, ಹೊಸದಕ್ಕೆ ಎಣ್ಣೆ ಸವರಿದೆ, ಡಬ್ಬಿ ತುಂಬಿಸಿಕೊಂಡೇ ಕೂರಿಸಿದೆ. ಏರ್ ತೆಗೆಯುವ ಕೈಪಂಪಿನ ರಬ್ಬರ್ ಹರಿದಿದೆ, ಒತ್ತಿದರೆ ನಿಟ್ಟುಸಿರು ಬಿಡುತ್ತದೆ ಅಷ್ಟೆ. ಸ್ಕ್ರೂ ಸಡಿಲಿಸಿ ಬಾಯಲ್ಲಿ ಪೈಪು ಊದಿ ಏರ್ ತೆಗೆದೆ. ಸ್ಟಾರ್ಟ್ ಆಯಿತು, ನಿಲ್ಲಲೂ ಇಲ್ಲ.

ಬಾಯಿ ತುಂಬ ಎಣ್ಣೆ. ಹಾಗಿದ್ದರೂ ನಕ್ಕೆ.

ಆಗಸ್ಟ್ 13, ಗುರುವಾರ

ನಗುವುದು ಬೇಡವಾಗಿತ್ತು.

ಹೊಸ ಫಿಲ್ಟರ್ ಹಾಕಿದ ಗಾಡಿ ಅದೇ ತಿರುವಿನಲ್ಲಿ ಅದೇ ಹೊತ್ತಿಗೆ ನಿಂತಿತು. ಈ ಸಲ ರೋಸಿ ರಜ ಹಾಕಿ ನನ್ನ ಜೊತೆ ಬಂದಿದ್ದಳು, ಗಂಡನನ್ನೂ ಹಿಂದೆ ಸೊಪ್ಪಿನ ಮೂಟೆಗಳ ನಡುವೆ ಕೂರಿಸಿಕೊಂಡಿದ್ದಳು. ಹೆಂಗಸರೆಲ್ಲ ನನ್ನ ಕಡೆ ನೋಡದೆ ಮಂಜಿನ ಕಡೆ ನೋಡುತ್ತ ನಿಂತರು. ನಾನು ಸೀಟಿನಲ್ಲೇ ಕೂತೆ. ಕಾಯುವುದು ಬಿಟ್ಟು ಇನ್ನೇನು ಮಾಡಲಿ?

ಅವನು ಕಾಯಲಿಲ್ಲ. ಬಾನೆಟ್ ಎತ್ತಿ, ಆ ಚಳಿಯಲ್ಲೇ ಫಿಲ್ಟರ್ ಬಿಚ್ಚಿ ರೋಸಿಯ ಕೈಗೆ ಕೊಟ್ಟ. ಅವಳು ತಂದು ನನ್ನ ಮೂಗಿನ ಕೆಳಗೆ ಹಿಡಿದಳು. ಒಳಗೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಬೆರಳು ಇಳಿಯಲಿಲ್ಲ.

"ಎಣ್ಣೆ ಹೆಪ್ಪುಗಟ್ಟಿದೆ ಅಮ್ಮ. ಕಸ ಅಲ್ಲ. ಪ್ರತಿ ಸಲ ನೀನು ಬಿಸಿಲು ಬಂದ ಮೇಲೆ ಬಿಚ್ಚಿ ನೋಡ್ತೀಯ, ಅಷ್ಟರಲ್ಲಿ ಕರಗಿರುತ್ತೆ."

"ನಿಮ್ಮಪ್ಪ ಏಳು ವರ್ಷ ಇದೇ ಎಣ್ಣೆ ಹಾಕಿ ಓಡಿಸಿದ."

"ಎಲ್ಲಿ ಓಡಿಸಿದ? ಕರಾವಳೀಲಿ. ಯುದ್ಧದಲ್ಲಿ ಈ ಘಟ್ಟಕ್ಕೆ ಕಾವಲಿತ್ತು, ಯಾರನ್ನೂ ಬಿಡ್ತಿರಲಿಲ್ಲ ಅಂತ ನೀನೇ ಹೇಳಿದ್ದೆ. ಅಪ್ಪ ಬೆಳಗಿನ ಜಾವ ಇಲ್ಲಿಗೆ ತೆಂಗಿನೆಣ್ಣೇಲಿ ಯಾವತ್ತು ಬಂದಿದ್ದ ಹೇಳು."

ಯಾವತ್ತೂ ಇಲ್ಲ. ಇದು ನನಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ಆ ಏಳು ವರ್ಷದ ಜಂಬವನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ರಸ್ತೆ ಎಲ್ಲಿಯವರೆಗೆ ತೆರೆದಿತ್ತು ಅನ್ನುವುದನ್ನೇ ಮರೆತಿದ್ದೆ. ಸಿಟ್ಟು ಬಂತು. ಬೊನಿಫಸ್‌ನ ಮೇಲೆ ಬಂತೋ, ಎಣ್ಣೆಯ ಮೇಲೋ, ಆ ಡಬ್ಬಿ ಬಿಚ್ಚಿದ ಕೈಯ ಮೇಲೋ ಗೊತ್ತಿಲ್ಲ.

ಕೆಳಗೆ ಬಂದಾಗ ಕ್ಲೆಟಸ್ ರಸ್ತೆ ಬದಿ ನಿಂತಿದ್ದ, ಭುಜದ ಮೇಲೆ ಹೊಸ ಹಗ್ಗದ ಸುರುಳಿ. "ತಂದಿಟ್ಟಿದ್ದೀನಿ ಅತ್ತೆ, ಬೇಕಾಗುತ್ತೆ," ಅಂದ.

"ನಿನ್ನ ಹಂದಿ ಕಟ್ಟೋಕೆ ಇಟ್ಕೋ," ಅಂದೆ. ತಗ್ಗಿದ ದನಿಯಲ್ಲಿ ಅನ್ನಲಿಲ್ಲ.

ಆಗಸ್ಟ್ 17, ಸೋಮವಾರ

ಬೇಸರ. ಏನೂ ಮಾಡಲಿಲ್ಲ.

ಆಗಸ್ಟ್ 20, ಗುರುವಾರ

ಇವತ್ತು ಜಗಳ. ದ್ವೀಪದವನು ಒಂದು ಯೋಚನೆ ಮಾಡಿದ್ದಾನಂತೆ. ರೋಸಿ ನಡುವೆ ನಿಂತು ಅವನ ಮಾತು ನನಗೆ, ನನ್ನ ಮಾತು ಅವನಿಗೆ ದಾಟಿಸಿದಳು. ಅವನು ಅಂಗಳದ ಆ ತುದಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ, ನಾನು ಈ ತುದಿಯಲ್ಲಿ. ಇಬ್ಬರಿಗೂ ಇಬ್ಬರ ಮಾತೂ ಚೆನ್ನಾಗಿ ಕೇಳುತ್ತಿತ್ತು.

ಫಿಲ್ಟರನ್ನು ಬಾನೆಟ್ಟಿನ ಕೆಳಗಿನಿಂದ ಬಿಚ್ಚಿ ಒಳಗೆ, ಡ್ರೈವರ್ ಸೀಟಿನ ಪಕ್ಕ ನೆಲದ ಮೇಲೆ ಕೂರಿಸುವುದು. ಗಾಳಿ ತಾಗುವುದಿಲ್ಲ. ಅದರ ಸುತ್ತ ಒಂದು ತಗಡಿನ ಡಬ್ಬಿ, ಡಬ್ಬಿಯೊಳಗೆ ಒಲೆಗುಂಡಿಯಲ್ಲಿ ಕಾಯಿಸಿದ ಕಲ್ಲುಗಳು. ಕೈಪಂಪು ಸತ್ತಿದೆಯಲ್ಲ, ಅದರ ಬದಲು ದೋಣಿಯ ಮೋಟಾರಿಗೆ ಪೆಟ್ರೋಲು ಏರಿಸುವ ರಬ್ಬರ್ ಉಂಡೆ. ಒಬ್ಬರು ಓಡಿಸಬೇಕು, ಪಕ್ಕದಲ್ಲಿ ಕೂತವರು ಉಂಡೆಯನ್ನು ಬಿಡದೆ ಹಿಚುಕುತ್ತ ಎಣ್ಣೆಯನ್ನು ಮುಂದಕ್ಕೆ ತಳ್ಳುತ್ತಿರಬೇಕು.

"ಉಂಡೆ ಎಲ್ಲಿಂದ ಬರುತ್ತೆ ಅಂತ ಕೇಳು," ಅಂದೆ ರೋಸಿಗೆ.

ಅವಳು ಕೇಳಲಿಲ್ಲ, ಅವಳಿಗೇ ಗೊತ್ತಿತ್ತು. "ಅವನ ದೋಣೀದು. ಇಲ್ಲಿಗೆ ಬಂದ ವರ್ಷ ಬಿರುಗಾಳೀಲಿ ಒಡೆದು ಹೋಯ್ತಲ್ಲ, ಅದರದ್ದು ಇದೊಂದೇ ಉಳಿದಿರೋದು."

"ಪೈಪು ಒಳಗೆ ಹೇಗೆ ತರ್ತಾನೆ?"

"ತಳಕ್ಕೆ ಎರಡು ತೂತು ಹೊಡೀಬೇಕು."

ಅಲ್ಲಿಗೆ ನಾನು ಎದ್ದೆ. ಬೊನಿಫಸ್ ಮಗುವನ್ನು ತೊಳೆದ ಹಾಗೆ ತೊಳೆಯುತ್ತಿದ್ದ ಗಾಡಿ ಅದು. ತೂತು ಹೊಡೆಯಲು ಇವನು ಯಾರು? ಬಾಯಿಗೆ ಬಂದದ್ದೆಲ್ಲ ಅಂದೆ. ದೋಣಿ ಮುಳುಗಿಸಿಕೊಂಡವನು ಅಂದೆ, ಗಾಡಿಯನ್ನೂ ಮುಳುಗಿಸುತ್ತಾನೆ ಅಂದೆ. ಅವನು ಬೆನ್ನು ತಿರುಗಿಸಿಕೊಂಡೇ ಕೂತಿದ್ದ. ಅವನ ಕಿವಿಗಳು ಕೆಂಪಗಾದದ್ದು ಇಲ್ಲಿಂದಲೇ ಕಂಡಿತು.

"ಅಮ್ಮ, ಒಂಬತ್ತು ದಿನ ಇದೆ," ಅಂದಳು ರೋಸಿ. "ನಿಂಗೆ ಬೇರೆ ಏನಾದ್ರೂ ಗೊತ್ತಿದ್ರೆ ಹೇಳು. ಇಲ್ಲಾಂದ್ರೆ ಕೀ ತಗೊಂಡು ಹೋಗಿ ಕ್ಲೆಟಸ್ ಕೈಗೆ ಕೊಡು."

ಆಗಸ್ಟ್ 21, ಶುಕ್ರವಾರ

ತೂತು ಹೊಡೆದೆ. ನನ್ನ ಗಂಡನ ಗಾಡಿಗೆ ತೂತು ಬೀಳುವುದಾದರೆ ನನ್ನ ಕೈಯಿಂದಲೇ ಬೀಳಲಿ. ಎಲ್ಲಿ ಅಂತ ಅವನು ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದ. ಉಳಿಯನ್ನು ಇಟ್ಟು ಸುತ್ತಿಗೆ ಎತ್ತಿದಾಗ ಅಳು ಬಂತು, ಅತ್ತುಕೊಂಡೇ ಹೊಡೆದೆ. ಅಳಿಯ ಆಮೇಲೆ ಬಂದು ತೂತಿನ ಅಂಚುಗಳನ್ನು ಅರ ಹಾಕಿ ನಯ ಮಾಡಿದ, ಪೈಪು ಸವೆಯಬಾರದಂತೆ. ಕೆಲಸ ಅಚ್ಚುಕಟ್ಟು, ಅದನ್ನು ಒಪ್ಪಬೇಕು.

ಆಗಸ್ಟ್ 26, ಬುಧವಾರ

ಹೋಗಿ ಬಂದೆವು. ಘಟ್ಟದ ನೆತ್ತಿ ದಾಟಿದೆವು, ಬೆಳಗಿನ ಜಾವ, ಮಂಜಿನಲ್ಲಿ, ನಿಲ್ಲದೆ!

ರೋಸಿ ಪಕ್ಕದಲ್ಲಿ ಕೂತು ಉಂಡೆ ಹಿಚುಕಿದಳು. ಅಳಿಯ ಹಿಂದೆ ಕೂತು ಸೀಟಿನ ಹಿಂದಿನ ಗಾಜಿನ ಕಿಂಡಿಯಿಂದ ಅವಳಿಗೆ ಹೇಳುತ್ತ ಬಂದ. "ಜೋರಾಗಿ ಬೇಡ. ಎದೆ ಬಡಿಯೋ ಹಾಗೆ. ಏರೋ ಕಡೆ ಸ್ವಲ್ಪ ಬೇಗ." ಕಲ್ಲಿನ ಕಾವಿಗೆ ಫಿಲ್ಟರಿನಿಂದ ವಾಸನೆ ಎದ್ದು ಗಾಡಿಯೊಳಗೆಲ್ಲ ಮೀನು ಕರಿದ ಅಡುಗೆಮನೆಯ ಹಾಗಾಯಿತು. ಸೊಪ್ಪಿನ ಹೆಂಗಸರು ಹಸಿವಾಯಿತು ಅಂತ ಹಿಂದಿನಿಂದ ಕೂಗಿದರು. ಏಳು ಗಂಟೆಗೆ ಮಾರುಕಟ್ಟೆಯಲ್ಲಿದ್ದೆವು.

ರೋಸಿಯ ಕೈ ಊದಿದೆ. ಶುಕ್ರವಾರದೊಳಗೆ ಇಳಿಯುತ್ತದೆ.

ಆಗಸ್ಟ್ 28, ಶುಕ್ರವಾರ, ಕೊಯಾನುವಿನಲ್ಲಿ

ರೋಸಿಗೆ ಮಲೇರಿಯಾ. ಬೆಳಗ್ಗೆ ಎದ್ದು ನಿಲ್ಲಲೂ ಆಗಲಿಲ್ಲ, ಹಲ್ಲು ಕಟಕಟ ಅನ್ನುತ್ತಿತ್ತು. ಪಕ್ಕದ ಮನೆಯವಳನ್ನು ಅವಳ ಹತ್ತಿರ ಬಿಟ್ಟು ಬಂದೆ. ಮೇಲೆ ಬರುವಾಗ ಬಿಸಿಲಿತ್ತು, ಉಂಡೆ ಬೇಕಾಗಲಿಲ್ಲ. ಅಳಿಯ ಹಿಂದೆ ಕೂತು ಬಂದ.

ನಾಳೆ ಉಂಡೆ ಹಿಚುಕುವವರು ಯಾರು? ಅಣ್ಣನಿಗೆ ಕೈ ನಡುಕ. ಅತ್ತಿಗೆ ಗಾಡಿ ಹತ್ತಿದರೆ ವಾಂತಿ ಮಾಡುತ್ತಾಳೆ. ಉಳಿದವರಿಗೆ ಆ ಲಯ ಗೊತ್ತಿಲ್ಲ, ಹೇಳಿಕೊಡಲು ಹೊತ್ತಿಲ್ಲ. ಉಳಿದದ್ದು ಅಳಿಯ. ಅಣ್ಣ ಒಂದು ಲುಂಗಿ ತಂದುಕೊಟ್ಟ. ಡ್ರೈವರ್ ಸೀಟಿಗೂ ಪಕ್ಕದ ಸೀಟಿಗೂ ನಡುವೆ ಪರದೆ ಕಟ್ಟಿದೆ. ಪರದೆ ಇದ್ದರೆ ಒಂದೇ ಸೀಟು ಎರಡು ಸೀಟಾಗುತ್ತದೆ. ದೇವರಿಗೆ ಅರ್ಥವಾಗುತ್ತದೆ. ಉರ್ಸುಲಾಗೆ ಆಗದಿದ್ದರೆ ಬೇಡ.

ಆಗಸ್ಟ್ 29, ಶನಿವಾರ

ಬಂದೆವು. ಇನ್ನು ಬರೆಯಲು ಕೈಯಿಲ್ಲ.

ಆಗಸ್ಟ್ 30, ಭಾನುವಾರ

ಎಲ್ಲ ಬರೆದಿಡುತ್ತೇನೆ. ನಾಳೆ ಊರಿನವರು ಬೇರೆ ಬೇರೆ ಹೇಳುತ್ತಾರೆ.

ಐದಕ್ಕೆ ಹೊರಟೆವು. ಹಿಂದೆ ನಾಲ್ಕು ಹಂದಿಗಳು ಕೋಲಿಗೆ ಕಟ್ಟಿಸಿಕೊಂಡು ಕಿರುಚುತ್ತಿದ್ದವು. ಈ ಕಡೆ ನಾನು, ಆ ಕಡೆ ಅಳಿಯ, ನಡುವೆ ಲುಂಗಿ. ಲುಂಗಿಯ ಬುಡದಲ್ಲಿ ಫಿಲ್ಟರ್, ಕಲ್ಲಿನ ಡಬ್ಬಿಯೊಳಗೆ ರಾಣಿಯ ಹಾಗೆ ಕೂತಿತ್ತು. ಮಾತು ದಾಟಿಸಲು ರೋಸಿ ಇಲ್ಲ, ನಾಯಿಯೂ ಇಲ್ಲ. ಮೊದಲ ತಿರುವಿನಲ್ಲಿ ಲುಂಗಿಯಾಚೆಯಿಂದ ಕೇಳಿತು.

"ಫಿಲ್ಟರಣ್ಣ, ಮುಂದೆ ಏರು ಇದೆ. ಗೇರು ಈಗಲೇ ಇಳಿಸಿದ್ರೆ ನಿಂಗೆ ಅನುಕೂಲ."

ಗೇರು ಇಳಿಸಿದೆ. "ಫಿಲ್ಟರಣ್ಣ, ಗಾಡಿ ಓಡಿಸೋದು ನನಗೆ ಗೊತ್ತು ಅಂತ ಹೇಳಪ್ಪ," ಅಂದೆ. ಆಚೆಯಿಂದ ಒಂದು ನಗು ಬಂತು, ತಕ್ಷಣ ಕೆಮ್ಮಾಯಿತು.

ಹೀಗೆ ಫಿಲ್ಟರಿನ ಜೊತೆ ಮಾತಾಡುತ್ತ ಅರ್ಧ ಘಟ್ಟ ಹತ್ತಿದೆವು. ನಿನ್ನೆಯಷ್ಟು ಚಳಿ ನಾನು ಆ ಘಟ್ಟದಲ್ಲಿ ಕಂಡಿಲ್ಲ. ಗಾಜಿನ ಒಳಗೂ ಹನಿ ಕಟ್ಟಿತು. ಆ ಹಾಳು ತಿರುವಿಗೆ ಬರುವಾಗ ಎಂಜಿನ್ ಒಮ್ಮೆ ಎಳೆಯಿತು. ಗೇರು ಇನ್ನೂ ಇಳಿಸಿದೆ.

"ಕಲ್ಲು ಆರ್ತಿದೆ ಫಿಲ್ಟರಣ್ಣ. ಪೈಪು ಬೆಳ್ಳಗಾಗ್ತಿದೆ." ಅವನು ಹಿಚುಕುವ ಸದ್ದು ಬೇಗ ಬೇಗ ಕೇಳಿತು. ಆಮೇಲೆ ಏದುಸಿರು. "ನನ್ನ ಅಂಗಿ ತೆಗೆದು ಸುತ್ತಿದೆ. ಸಾಲ್ತಿಲ್ಲ. ಇನ್ನೊಂದು ದಪ್ಪನೆ ಬಟ್ಟೆ ಬೇಕು."

ಎಂಜಿನ್ ಎರಡನೆಯ ಸಲ ಎಳೆಯಿತು. ಮೂರನೆಯದಕ್ಕೆ ಅದು ಸಾಯುತ್ತದೆ, ನನಗೆ ಗೊತ್ತಿತ್ತು. ನನ್ನ ಮೈಮೇಲೆ ಶೋಕದ ಕಪ್ಪು ಬಟ್ಟೆ, ಅದನ್ನು ತೆಗೆಯಲಾಗದು. ಇಡೀ ಗಾಡಿಯಲ್ಲಿ ಉಳಿದ ಬಟ್ಟೆ ನಡುವಿನ ಪರದೆಯೊಂದೇ. ಎಡಗೈ ಚಾಚಿ ಲುಂಗಿಯನ್ನು ಕಿತ್ತು ಫಿಲ್ಟರಿನ ಮೇಲೆ ಎಸೆದೆ.

ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಆಮೇಲೆ ಬಗ್ಗಿ ಸುತ್ತಿದ, ಎರಡು ಮೊಣಕಾಲಿನ ನಡುವೆ ಇಟ್ಟು ಎದೆಗೆ ಅವಚಿಕೊಂಡ, ಬರಿಮೈಯಲ್ಲಿ. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದರಲ್ಲಿ ಹಿಚುಕತೊಡಗಿದ. ನಾನು ರಸ್ತೆಯನ್ನೇ ನೋಡಿದೆ. ಕಣ್ಣಂಚಿನಲ್ಲಿ ಕಾಣುವುದನ್ನು ಯಾರು ತಡೆಯಲಿ? ತೆಳ್ಳಗಿದ್ದಾನೆ. ಭುಜದ ಮೇಲೆ ದೊಡ್ಡದೊಂದು ಗಂಟು ಕಟ್ಟಿದ ಗಾಯದ ಗುರುತು. ದೋಣಿ ಒಡೆದಾಗಿನದು ಇರಬೇಕು. ರೋಸಿ ಅವನಿಗೆ ಸರಿಯಾಗಿ ಊಟ ಹಾಕುತ್ತಾಳೋ ಇಲ್ಲವೋ.

ಎಂಜಿನ್ ಮೂರನೆಯ ಸಲ ಎಳೆಯಲಿಲ್ಲ. ನೆತ್ತಿ ದಾಟಿದೆವು.

ಮತ್ತೆ ಪರದೆ ಕಟ್ಟಲು ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಮತ್ತೆ ಏಳುತ್ತದೆ ಅಂತ ಏನು ಖಾತ್ರಿ? ನಿಲ್ಲಿಸಲಿಲ್ಲ. ಹಾಗೆಯೇ ಊರೊಳಗೆ ಬಂದೆವು, ಅತ್ತೆ ಅಳಿಯ ಒಂದೇ ಸೀಟಿನಲ್ಲಿ, ಅವನು ಬರಿಮೈಯಲ್ಲಿ ಮಗುವಿನ ಹಾಗೆ ಫಿಲ್ಟರನ್ನು ಅಪ್ಪಿಕೊಂಡು. ರಸ್ತೆಯ ಎರಡೂ ಬದಿ ಜನ. ಮೊದಲು ಹೋ ಅಂತ ಕೂಗಿದರು. ಗಾಡಿ ಹತ್ತಿರ ಬಂದ ಹಾಗೆ ಕೂಗು ನಿಂತಿತು. ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು. ಸೂರ್ಯ ಇನ್ನೂ ತೆಂಗಿನ ಮೊಣಕಾಲಿನ ಹತ್ತಿರ ಇದ್ದ.

ಉರ್ಸುಲಾ ಗಾಡಿಯ ಬಾಗಿಲ ಹತ್ತಿರ ಬಂದಳು. ಕೂಗಲಿಲ್ಲ, ಮೆಲ್ಲಗೆ ಹೇಳಿದಳು.

"ಪರ್ಪೆತುವಾ, ಇದನ್ನ ಮುಚ್ಚಿಹಾಕೋಣ. ನಾನು ಎಲ್ಲರಿಗೂ ಹೇಳ್ತೀನಿ, ಹುಡುಗ ಹಿಂದೆ ಹಂದಿ ಹತ್ರ ಇದ್ದ, ಈಗಷ್ಟೇ ಮುಂದೆ ಬಂದ ಅಂತ. ನಿನ್ನ ಮರ್ಯಾದೆ ಉಳಿಯುತ್ತೆ. ಕೀ ನನಗೆ ಕೊಡು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು ಅನ್ನಿಸುತ್ತದೆ. ಅದಕ್ಕೇ ಹೆಚ್ಚು ಸಿಟ್ಟು ಬಂತು. ಕೆಳಗಿಳಿದೆ. ಆರು ತಿಂಗಳ ತಗ್ಗಿದ ದನಿ ಅಲ್ಲಿಗೆ ಮುಗಿಯಿತು.

"ಎಲ್ಲರೂ ನೋಡಿ," ಅಂದೆ. "ಚೆನ್ನಾಗಿ ನೋಡಿ. ಕೂತಿದ್ದು ಹೌದು, ಕೊಯಾನುವಿಂದ ಇಲ್ಲೀವರೆಗೆ ಕೂತಿದ್ದು ಹೌದು. ಪರದೆ ಕಿತ್ತಿದ್ದೂ ನಾನೇ. ಅವನು ಮುಟ್ಟಿದ್ದು ಫಿಲ್ಟರ್, ನಾನು ಮುಟ್ಟಿದ್ದು ಸ್ಟೀರಿಂಗು. ನಾಚಿಕೆ ಆಯ್ತು ಅಂದ್ರೆ ಅದಕ್ಕೆ ದಂಡ ಇದೆ, ಕೊಡ್ತೀನಿ. ಗಾಡಿ ಕೊಡಲ್ಲ."

ಹಿಂದೆ ಹಂದಿಗಳು ಕಿರುಚುತ್ತಿದ್ದವು. ಪೌಲಿನಜ್ಜ ಬಾಯಲ್ಲಿದ್ದ ಅಡಿಕೆ ಉಗುಳಿ ಗಾಡಿಯ ಸುತ್ತ ಒಂದು ಸುತ್ತು ಬಂದ. ಒಳಗೆ ಬಗ್ಗಿ ನೋಡಿದ. ಫಿಲ್ಟರಿನ ಮೇಲಿನ ಲುಂಗಿಯನ್ನು ಎತ್ತಿ ಮೂಸಿದ.

"ಎಳೆಸಿಕೊಂಡು ಬಂತಾ? ಇಲ್ಲ. ತಡ ಆಯ್ತಾ? ಇಲ್ಲ. ಗಾಡಿ ಅವಳದು," ಅಂದ. "ಕ್ಲೆಟಸ್, ಆ ಹಗ್ಗ ತಗೊಂಡು ಹಂದಿ ಇಳಿಸು. ಇನ್ನು ತಂಬು ಮುರಿದಿದ್ದೂ ಹೌದು. ಅವಳು ಅವನಿಗೆ ದಂಡ ಕೊಡಬೇಕು, ಅವನು ಅವಳಿಗೆ ಕೊಡಬೇಕು. ಇವತ್ತೇ. ಎಲ್ಲರ ಮುಂದೆ."

ಮಧ್ಯಾಹ್ನ ಊಟದ ಮೊದಲು ಕೊಟ್ಟೆವು. ಅಳಿಯನಿಗೆ ಈ ಊರಿನಲ್ಲಿ ಏನಿದೆ? ಹಂದಿ ಇಲ್ಲ, ಮರ ಇಲ್ಲ. ಯಾರದೋ ಅಂಗಿ ಹಾಕಿಕೊಂಡು ಬಂದು ಪೌಲಿನಜ್ಜನ ಮುಂದೆ ನಿಂತ. "ಆ ರಬ್ಬರ್ ಉಂಡೆ ಗಾಡೀಲೇ ಇರಲಿ ಅಜ್ಜ. ಇನ್ಮೇಲೆ ಅದು ಅವರದ್ದು," ಅಂದ. ಅಷ್ಟು ಹೇಳಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಒಂದು ರಬ್ಬರ್ ಉಂಡೆಗೆ ಇಷ್ಟು ಯಾಕೆ ಅಂತ ಕ್ಲೆಟಸ್ ನಕ್ಕ. ಪೌಲಿನಜ್ಜ ಅವನ ಕಡೆ ನೋಡಿದ ಮೇಲೆ ಹಿಂದಕ್ಕೆ ಸರಿದ.

ನನ್ನ ಸರದಿ. ನನ್ನ ಹತ್ತಿರ ಒಂದು ಹಂದಿ ಇತ್ತು, ಅದನ್ನೇ ಕೊಡುತ್ತೇನೆ ಅಂತ ಎಲ್ಲರೂ ಕಾದಿದ್ದರು. ಆದರೆ ಅದು ಕ್ರಿಸ್‌ಮಸ್ಸಿಗೆ ಅಂತ ಸಾಕಿದ್ದು, ಈಗಷ್ಟೇ ಮೈ ತುಂಬಿಕೊಳ್ಳುತ್ತಿದೆ. ಅದನ್ನು ಕಳೆದುಕೊಳ್ಳಲು ಇಷ್ಟವಿರಲಿಲ್ಲ. ಅದಕ್ಕೆ ದೊಡ್ಡ ಮಾವಿನ ಮರದಿಂದ ತೊರೆಯವರೆಗಿನ ನೆಲ ಕೊಟ್ಟೆ.

ಪೌಲಿನಜ್ಜ ಎರಡು ಸಲ ಕೇಳಿದ. "ಎಷ್ಟು ದಿನಕ್ಕೆ?"

"ಅವನಿಗೂ ಅವನ ಮಕ್ಕಳಿಗೂ. ನೆಲದ ಮಾತಿಗೆ ದಿನ ಎಲ್ಲಿದೆ?"

"ಹಂದಿ ಸಾಕಾಗಿತ್ತು ಪರ್ಪೆತುವಾ."

"ಹಂದಿ ನಂಗೆ ಬೇಕು," ಅಂದೆ.

ರೋಸಿ ಜ್ವರದಲ್ಲೇ ಕಂಬಳಿ ಹೊದ್ದು ಬಂದು ಬಾಗಿಲಲ್ಲಿ ಕೂತಿದ್ದಳು. ಅತ್ತಳು. ಮಲೇರಿಯಾ ಬಂದವರಿಗೆ ಹಾಗೆ ಆಗುತ್ತದೆ, ಎಲ್ಲದಕ್ಕೂ ಅಳು ಬರುತ್ತದೆ.

ಊಟವಾದ ಮೇಲೆ ಕಪ್ಪು ಬಟ್ಟೆ ತೆಗೆದು ಸುಟ್ಟೆವು. ಹಸಿರು ಹೂವಿನ ಅಂಗಿ ಹಾಕಿಕೊಂಡೆ. ಸೊಂಟದಲ್ಲಿ ಸ್ವಲ್ಪ ಬಿಗಿ.

ಸೆಪ್ಟೆಂಬರ್ 4, ಶುಕ್ರವಾರ

ನಾಲ್ಕು ದಿನ ಬರೆಯಲಿಲ್ಲ, ಗಾಡಿಗೆ ಕೆಲಸವಿತ್ತು. ನಿನ್ನೆಯೂ ಘಟ್ಟದಿಂದ ಬೇಗ ಬಂದೆವು. ರೋಸಿಗೆ ಹುಷಾರಾಗಿಲ್ಲ, ಅಳಿಯನೇ ಪಕ್ಕದಲ್ಲಿ ಕೂತಿದ್ದ. ಪರದೆ ಕಟ್ಟಿದ್ದೆವು. ಗಾಳಿಗೆ ಅದು ಹಾರಾಡಿ ಕಿರಿಕಿರಿ. ಮುಂದಿನ ವಾರಕ್ಕೆ ಒಂದು ಸಣ್ಣದು ಸಾಕು.

ಇವತ್ತು ಬೆಳಗ್ಗೆ ಗಾಡಿ ತೊಳೆಯಲು ನೀರು ತರಲೆಂದು ತೊರೆಗೆ ಹೋದೆ. ಮಾವಿನ ಮರದಿಂದ ಆಚೆಗೆ ಅಳಿಯ ನೆಲ ಅಗೆದಿದ್ದ. ಸಾಲು ಅಂಕುಡೊಂಕು, ಗೆಡ್ಡೆಯ ಗುಂಡಿಗಳು ಮೂರು ಪಟ್ಟು ಆಳ. ದ್ವೀಪದಲ್ಲಿ ಹಾಗೆ ತೋಡುತ್ತಾರಂತೆ, ಸಿಹಿನೀರು ಕೆಳಗೆ ಇರುತ್ತದಂತೆ. ಇಲ್ಲಿ ಅಷ್ಟು ಆಳದಲ್ಲಿ ನೆಟ್ಟರೆ ಕೊಳೆಯುತ್ತದೆ, ಹೇಳಬೇಕು ಅಂದುಕೊಂಡು ಹತ್ತಿರ ಹೋದೆ.

ನಾನು ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಗುಂಡಿಯ ಪಕ್ಕ ಮೊಣಕಾಲೂರಿ ಕೂತಿದ್ದ. ತಳದಿಂದ ಒಂದು ಚಿಟಿಕೆ ಮಣ್ಣು ತೆಗೆದು ಬಾಯಿಗೆ ಹಾಕಿಕೊಂಡ. ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿ ಕಾದ. ಉಗುಳಿದ. ಮುಂದಿನ ಗುಂಡಿಗೆ ಹೋಗಿ ಮತ್ತೆ ಹಾಗೆಯೇ ಮಾಡಿದ. ಏನು ಹುಡುಕುತ್ತಿದ್ದಾನೆ ಅಂತ ನನಗೆ ಮೂರನೆಯ ಗುಂಡಿಗೆ ತಿಳಿಯಿತು.

"ಉಪ್ಪಿಲ್ಲ," ಅಂದೆ. "ಇಲ್ಲಿ ಎಷ್ಟು ಆಳ ತೋಡಿದ್ರೂ ಉಪ್ಪು ಸಿಗಲ್ಲ. ನೆಡು."

ತಿರುಗಿ ನೋಡಿದ. ತುಟಿಯ ಮೇಲೆ ಮಣ್ಣಿತ್ತು.